ಬರೋದು ಯಾವುದು, ಬರಬೇಕಾದದ್ದು ಯಾವುದು? ಆಸ್ಕರ್ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಸರ್, ನಾವು ಹಾಸ್ಟೆಲ್‌ನಲ್ಲಿ ಪ್ರತಿ ವರ್ಷ ಆಸ್ಕರ್ ಮೇಲೆ ಬಾಜಿ ಕಟ್ಟುತ್ತೇವೆ. ಸೋತವರು ಎಲ್ಲರಿಗೂ ಗಿರ್ಮಿಟ್ ಕೊಡಿಸಬೇಕು. ಮೂರು ವರ್ಷದಿಂದ ನಾನೇ ಕೊಡಿಸುತ್ತಿದ್ದೇನೆ. ವಿಚಿತ್ರ ಅಂದರೆ, ನಾಮಿನೇಟ್ ಆದ ಸಿನಿಮಾಗಳನ್ನು ಹುಡುಕಿ ನೋಡುವವನೂ ನಾನೊಬ್ಬನೇ. ಎಲ್ಲಿ ತಪ್ಪುತ್ತಿದ್ದೇನೆ?
– ವಿದ್ಯಾರ್ಥಿ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ತಪ್ಪುತ್ತಿರೋದು ಅಲ್ಲೇ. ಎಲ್ಲ ನೋಡುತ್ತೀರಿ, ಒಂದನ್ನು ಮೆಚ್ಚುತ್ತೀರಿ, ಅದನ್ನೇ ಪಟ್ಟಿಯಲ್ಲಿ ಬರೆಯುತ್ತೀರಿ. ನಿಮ್ಮ ಗೆಳೆಯರು ಏನೂ ನೋಡಿಲ್ಲ, ಹಾಗಾಗಿ ಅವರಿಗೆ ಯಾವುದರ ಮೇಲೂ ಮೋಹ ಇಲ್ಲ.

ನಾನು ಹಾಳೆಯ ನಡುವೆ ಒಂದು ಗೀಟು ಎಳೆಯುತ್ತೇನೆ. ಎಡಗಡೆ ‘ಬರೋದು’, ಬಲಗಡೆ ‘ಬರಬೇಕಾದದ್ದು’. ಎರಡನ್ನೂ ಒಂದೇ ಸಲ ತುಂಬುವುದಿಲ್ಲ. ಮೊದಲು ಬಲಗಡೆಯದನ್ನು ಮುಗಿಸಿ, ಹೊಟ್ಟೆಯಲ್ಲಿರೋದನ್ನೆಲ್ಲ ಹೊರಗೆ ಹಾಕಿ, ಮರುದಿನ ಎಡಗಡೆಗೆ ಬರುತ್ತೇನೆ.

ಅಷ್ಟಾದರೂ ನಾನೇನೂ ಜಾಣನಲ್ಲ. 2025ರ ನನ್ನ ಹಾಳೆ ಇನ್ನೂ ಇದೆ. 23 ವಿಭಾಗದಲ್ಲಿ ಎಡಗಡೆ 15 ಸರಿ, ಬಲಗಡೆ ಬರೀ 6. ಉತ್ತಮ ನಟಿಗೆ ಎಡಗಡೆ ಡೆಮಿ ಮೂರ್, ಬಲಗಡೆ ಬ್ರೆಜಿಲ್‌ನ ಫೆರ್ನಾಂಡಾ ಟೊರೆಸ್. ಗೆದ್ದದ್ದು ‘ಅನೋರಾ’ದ ಮೈಕಿ ಮ್ಯಾಡಿಸನ್. ಎರಡೂ ಕಡೆ ಮಣ್ಣು! ಅನಿಮೇಷನ್‌ಗೆ ಎಡಗಡೆ ‘ದಿ ವೈಲ್ಡ್ ರೋಬಾಟ್’ ಬರೆದಿದ್ದೆ. ಬಲಗಡೆ ಲಾಟ್ವಿಯಾದ ‘ಫ್ಲೋ’ ಇತ್ತು. ಒಂದು ಬೆಕ್ಕು, ಸುತ್ತ ನೀರು, ಒಂದೂ ಮಾತಿಲ್ಲ. ಬ್ಲೆಂಡರ್ ಅನ್ನೋ ಪುಕ್ಕಟೆ ಸಾಫ್ಟ್‌ವೇರ್‌ನಲ್ಲಿ ಮಾಡಿದ ಸಿನಿಮಾಕ್ಕೆ ದೊಡ್ಡ ಸ್ಟುಡಿಯೋಗಳ ಎದುರು ಯಾರು ಕೊಡ್ತಾರೆ ಅಂದುಕೊಂಡಿದ್ದೆ. ಕೊಟ್ಟರು. ಅವತ್ತು ಸೋತದ್ದಕ್ಕೆ ನನಗೆ ಬಹಳ ಖುಷಿಯಾಯಿತು.

ನಾಚಿಕೆಯ ತಪ್ಪು ಇನ್ನೊಂದಿದೆ. ಕಿರುಚಿತ್ರ ವಿಭಾಗದಲ್ಲಿ ದೆಹಲಿಯ ಹುಡುಗಿಯೊಬ್ಬಳ ಕತೆಯ ‘ಅನುಜಾ’ ಇತ್ತು. ಅದು ಬಲಗಡೆ ಇರಬೇಕಾದ ಹೆಸರು. ನಮ್ಮ ದೇಶದ ಕತೆ ಅಂತ ಎಡಗಡೆಗೂ ಎಳೆದುಕೊಂಡೆ. ಬಂದದ್ದು ಡಚ್ ಭಾಷೆಯ ‘ಐ ಆಮ್ ನಾಟ್ ಎ ರೋಬಾಟ್’ಗೆ. 2002ರಲ್ಲಿ ‘ಲಗಾನ್’ ಮೇಲೂ ಹೀಗೇ ಬಾಜಿ ಕಟ್ಟಿ, ಬೋಸ್ನಿಯಾದ ‘ನೋ ಮ್ಯಾನ್ಸ್ ಲ್ಯಾಂಡ್’ ಎದುರು ಸೋತಿದ್ದೆ. 23 ವರ್ಷವಾದರೂ ಬುದ್ಧಿ ಬಂದಿರಲಿಲ್ಲ ನೋಡಿ.

ಪ್ರಶ್ನೆ: 2025ರಲ್ಲಿ ‘ಎಮಿಲಿಯಾ ಪೆರೆಜ್’ಗೆ 13 ನಾಮಿನೇಷನ್ ಇತ್ತು. ಅದೇ ದೊಡ್ಡದು ಅಂತ ನಂಬಿದೆ. ಬಂದದ್ದು ಎರಡೇ. ಹಾಗಾದರೆ ಯಾವ ಲೆಕ್ಕ ನಂಬಬೇಕು?
– ಮೆಣಸಿನಕಾಯಿ ವ್ಯಾಪಾರಿ, ಬ್ಯಾಡಗಿ

ಉತ್ತರ: ಇದನ್ನು ನೀವು ನನಗೆ ಹೇಳಿಕೊಡಬೇಕು! ನಿಮ್ಮ ಮನೆಯ ಸಾರಿಗೆ ಡಬ್ಬಿ ಮೆಣಸಿನಕಾಯಿ ಇಷ್ಟವೋ ಕಡ್ಡಿ ಮೆಣಸಿನಕಾಯಿ ಇಷ್ಟವೋ ನೋಡಿ ನೀವು ಟೆಂಡರ್ ಹಾಕುವುದಿಲ್ಲ. ಮುಂದೆ ಕೊಳ್ಳುವವನಿಗೆ ಬಣ್ಣ ಬೇಕೋ ಖಾರ ಬೇಕೋ ನೋಡುತ್ತೀರಿ. ಅಂಗಳದಲ್ಲಿ ಎಷ್ಟು ಚೀಲ ಬಿದ್ದಿದೆ ಅನ್ನೋದೊಂದೇ ದರ ಹೇಳುವುದಿಲ್ಲ ಅಲ್ವಾ? ನಾಮಿನೇಷನ್ ಅಂದರೆ ಆ ಚೀಲದ ಲೆಕ್ಕ.

ಇಲ್ಲಿ ಕೊಳ್ಳುವವರು ಆಸ್ಕರ್ ಕೊಡುವ ಅಕಾಡೆಮಿಯ ಸುಮಾರು 10 ಸಾವಿರ ಸದಸ್ಯರು. ಎಲ್ಲರೂ ಸಿನಿಮಾದಲ್ಲೇ ಕೆಲಸ ಮಾಡುವವರು. ನಾಮಿನೇಷನ್ ಹಂತದಲ್ಲಿ ನಟರು ನಟರನ್ನು, ನಿರ್ದೇಶಕರು ನಿರ್ದೇಶಕರನ್ನು ಆರಿಸುತ್ತಾರೆ. ಕೊನೆಯ ಸುತ್ತಿನಲ್ಲಿ ಎಲ್ಲರಿಗೂ ಎಲ್ಲ ವಿಭಾಗಕ್ಕೂ ಮತ ಇರುತ್ತದೆ. ಆದ್ದರಿಂದ ಗೋಲ್ಡನ್ ಗ್ಲೋಬ್ ಪ್ರಶಸ್ತಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಅಲ್ಲಿ ಮತ ಹಾಕುವವರು ಪತ್ರಕರ್ತರು, ಅವರು ಬೇರೆ ಪೇಟೆಯ ಗಿರಾಕಿಗಳು. ನಿರ್ಮಾಪಕರ ಸಂಘ, ನಿರ್ದೇಶಕರ ಸಂಘ, ನಟರ ಸಂಘ, ಬ್ರಿಟನ್ನಿನ ಬಾಫ್ಟಾ, ಈ ನಾಲ್ಕರ ಪ್ರಶಸ್ತಿಗಳನ್ನು ನೋಡಿ. ಅಲ್ಲಿ ಮತ ಹಾಕುವ ಎಷ್ಟೋ ಜನ ಅಕಾಡೆಮಿಯಲ್ಲೂ ಇದ್ದಾರೆ.

ಜೊತೆಗೆ ತಾರೀಖು ನೋಡಿ. 2025ರಲ್ಲಿ ಫೆಬ್ರವರಿ 8ರ ಒಂದೇ ರಾತ್ರಿ ನಿರ್ಮಾಪಕರೂ ನಿರ್ದೇಶಕರೂ ‘ಅನೋರಾ’ ಕಡೆಗೆ ಹೋದರು. ಅಲ್ಲಿಗೆ ಉತ್ತಮ ಚಿತ್ರದ ಕತೆ ಹೆಚ್ಚುಕಡಿಮೆ ಮುಗಿಯಿತು. ಆಸ್ಕರ್ ಮತದಾನ 11ರಿಂದ 18ರವರೆಗೆ ನಡೆಯಿತು. ಅದರ ನಡುವೆ, 16ಕ್ಕೆ, ಬಾಫ್ಟಾ ಮ್ಯಾಡಿಸನ್‌ಗೆ ಹೋಯಿತು. ಡೆಮಿ ಮೂರ್‌ಗೆ ನಟರ ಸಂಘದ ಪ್ರಶಸ್ತಿ ಬಂದದ್ದು 23ಕ್ಕೆ. ಅಷ್ಟೊತ್ತಿಗೆ ಮತಪೆಟ್ಟಿಗೆ ಮುಚ್ಚಿ ಐದು ದಿನ ಆಗಿತ್ತು. ನಾನು ಕೊನೆಗೆ ಕೇಳಿದ ಸುದ್ದಿಗೆ ಮರುಳಾಗಿ, ಬರೆದಿದ್ದ ಮ್ಯಾಡಿಸನ್ ಹೆಸರು ಹೊಡೆದು ಹಾಕಿದ್ದೆ. ಹಾಳೆಯಲ್ಲಿ ಆ ಕಾಟು ಈಗಲೂ ಕಾಣುತ್ತದೆ.

ಇದೂ ಪಕ್ಕಾ ಲೆಕ್ಕ ಅಲ್ಲ ಬಿಡಿ. 2020ರಲ್ಲಿ ನಿರ್ಮಾಪಕರೂ ನಿರ್ದೇಶಕರೂ ‘1917’ ಅಂದರು. ನಟರ ಸಂಘ ಮಾತ್ರ ಕೊರಿಯಾದ ‘ಪ್ಯಾರಸೈಟ್’ ತಂಡಕ್ಕೆ ಕೊಟ್ಟಿತು. ಕೊನೆಗೆ ಇಂಗ್ಲಿಷೇತರ ಭಾಷೆಯ ಸಿನಿಮಾವೊಂದು ಮೊದಲ ಸಲ ಉತ್ತಮ ಚಿತ್ರ ಆಯಿತು.

ಪ್ರಶ್ನೆ: ಉತ್ತಮ ಚಿತ್ರಕ್ಕೆ ಮಾತ್ರ ಬೇರೆ ಥರ ಎಣಿಸುತ್ತಾರಂತೆ. ಜಾಸ್ತಿ ಮತ ಬಿದ್ದದ್ದು ಗೆಲ್ಲಬೇಕಲ್ಲವೇ?
– ಪ್ರೌಢಶಾಲಾ ಶಿಕ್ಷಕಿ, ಗದಗ

ಉತ್ತರ: ಉಳಿದ ವಿಭಾಗಗಳಲ್ಲಿ ಹಾಗೇ ಗೆಲ್ಲುತ್ತದೆ. ಉತ್ತಮ ಚಿತ್ರಕ್ಕೆ ಮಾತ್ರ ಇಷ್ಟದ ಕ್ರಮದಲ್ಲಿ ಒಂದು, ಎರಡು, ಮೂರು ಅಂತ ಬರೆಯಬೇಕು. 2009ರ ಸಿನಿಮಾಗಳಿಂದ ಈ ಪದ್ಧತಿ ಮತ್ತೆ ಬಂತು. ಪಟ್ಟಿ ಐದರಿಂದ ಹತ್ತಕ್ಕೆ ಹೋದದ್ದೂ ಆಗಲೇ.

ನಿಮ್ಮ ಸ್ಟಾಫ್ ರೂಮಿನಲ್ಲಿ ಹತ್ತು ಜನ ಇದ್ದೀರಿ ಅನ್ನಿ. ಎಲ್ಲರಿಗೂ ಒಂದೇ ತಿಂಡಿ ತರಿಸಬೇಕು. ಮೊದಲ ಆಯ್ಕೆ ಎಣಿಸಿದರೆ ಮಿರ್ಚಿಗೆ 4, ಒಗ್ಗರಣಿಗೆ 3, ಇಡ್ಲಿಗೆ 2, ಪೂರಿಗೆ 1. ಅರ್ಧಕ್ಕಿಂತ ಜಾಸ್ತಿ, ಅಂದರೆ 6, ಯಾರಿಗೂ ಇಲ್ಲ. ಕಡಿಮೆ ಬಂದ ಪೂರಿಯನ್ನು ತೆಗೆಯಿರಿ. ಆ ಮೇಡಂ ಎರಡನೇದಾಗಿ ಒಗ್ಗರಣಿ ಬರೆದಿದ್ದರು, ಹಾಗಾಗಿ ಮತ ಅಲ್ಲಿಗೆ ಹೋಯಿತು. ಈಗ 4, 4, 2. ಇಡ್ಲಿ ತೆಗೆಯಿರಿ. ಇಡ್ಲಿಯವರಿಬ್ಬರಿಗೂ ಮಿರ್ಚಿ ತಿಂದರೆ ಎದೆ ಉರಿ, ಅವರೂ ಒಗ್ಗರಣಿ ಬರೆದಿದ್ದಾರೆ. ಒಗ್ಗರಣಿಗೆ 6 ಆಯಿತು. ಮಿರ್ಚಿಯವರು ಮುಖ ಊದಿಸಿಕೊಂಡರೂ ತಟ್ಟೆಗೆ ಬಂದದ್ದು ಒಗ್ಗರಣಿ.

ಹಾಗಾಗಿ ಎಡಗಡೆ ಬರೆಯುವಾಗ ‘ಯಾವುದನ್ನು ಜನ ಹುಚ್ಚೆದ್ದು ಮೆಚ್ಚಿದ್ದಾರೆ’ ಅಂತ ಮಾತ್ರ ಕೇಳಬೇಡಿ. ‘ಯಾವುದನ್ನು ಯಾರೂ ಬೈಯುತ್ತಿಲ್ಲ’ ಅಂತಲೂ ಕೇಳಿ. 2019ರಲ್ಲಿ ನಾನು ಎರಡೂ ಕಡೆ ‘ರೋಮಾ’ ಬರೆದಿದ್ದೆ. ನಿರ್ದೇಶನ, ಛಾಯಾಗ್ರಹಣ, ವಿದೇಶಿ ಭಾಷಾ ಚಿತ್ರ, ಮೂರೂ ಅದಕ್ಕೇ ಬಂದವು. ಉತ್ತಮ ಚಿತ್ರ ಮಾತ್ರ ‘ಗ್ರೀನ್ ಬುಕ್’ ಆಯಿತು. ಅದು ಒಗ್ಗರಣಿ ಗೆಲುವು ಅಂತ ನನ್ನ ಅನಿಸಿಕೆ. ‘ರೋಮಾ’ ನನಗೆ ಇವತ್ತಿಗೂ ಮೇಲೇ. ಆ ಅಂಗಳ ತೊಳೆಯುವ ನೀರಿನಲ್ಲಿ ವಿಮಾನದ ನೆರಳು ಹಾಯುವುದನ್ನು ಒಮ್ಮೆ ನೋಡಿ, ಆಮೇಲೆ ಜಗಳಕ್ಕೆ ಬನ್ನಿ.

ಪ್ರಶ್ನೆ: ಕನ್ನಡಕ್ಕೆ ಆಸ್ಕರ್ ಯಾವಾಗ? ನಿಮ್ಮ ಊಹೆ ಹೇಳಿ.
– ನಿವೃತ್ತ ಬ್ಯಾಂಕ್ ನೌಕರ, ಹಾವೇರಿ

ಉತ್ತರ: ವರ್ಷ ಹೇಳಲಾರೆ, ದಾರಿ ಹೇಳುತ್ತೇನೆ. ಅಂತರರಾಷ್ಟ್ರೀಯ ಚಿತ್ರ ವಿಭಾಗಕ್ಕೆ ದೇಶಕ್ಕೆ ಒಂದೇ ಸಿನಿಮಾ. ನಮ್ಮಲ್ಲಿ ಅದನ್ನು ಫಿಲಂ ಫೆಡರೇಷನ್ ಆಫ್ ಇಂಡಿಯಾ ಆರಿಸುತ್ತದೆ. ಇಷ್ಟು ಭಾಷೆಗಳ ನಡುವೆ ಅದು ಕಿರಿದಾದ ಬಾಗಿಲು. ಒಳಗೆ ಹೋದರೂ ‘ಮದರ್ ಇಂಡಿಯಾ’, ‘ಸಲಾಂ ಬಾಂಬೆ’, ‘ಲಗಾನ್’ ಮೂರೇ ಕೊನೆಯ ಐದರವರೆಗೆ ಮುಟ್ಟಿದ್ದು. ಆದರೆ ಬೇರೆ ಬಾಗಿಲೂ ಇವೆ. 2023ರಲ್ಲಿ ದೇಶದಿಂದ ಹೋದದ್ದು ಗುಜರಾತಿಯ ‘ಛೆಲ್ಲೋ ಶೋ’. ಹಾಡಿನ ಪ್ರಶಸ್ತಿ ತಂದದ್ದು ‘ಆರ್‌ಆರ್‌ಆರ್‌’ನ ‘ನಾಟು ನಾಟು’. ಅದೇ ವರ್ಷ ಪಕ್ಕದ ಮುದುಮಲೈ ಕಾಡಿನ ಆನೆಮರಿಗಳ ‘ದಿ ಎಲಿಫೆಂಟ್ ವಿಸ್ಪರರ್ಸ್’ ಕಿರು ಸಾಕ್ಷ್ಯಚಿತ್ರಕ್ಕೂ ಬಂತು.

ನನ್ನ ಎಡಗಡೆ ಊಹೆ: ಕನ್ನಡಕ್ಕೆ ಮೊದಲು ಬರೋದು ಕಿರುಚಿತ್ರದಿಂದ. ಮೈಸೂರಿನ ಚಿದಾನಂದ ಎಸ್. ನಾಯ್ಕ್ ಎಂಬ ಡಾಕ್ಟರು ಪುಣೆಯಲ್ಲಿ ಸಿನಿಮಾ ಕಲಿಯುವಾಗ ಒಂದು ಕಿರುಚಿತ್ರ ಮಾಡಿದರು. ಕೋಳಿ ಕೂಗದಿದ್ದರೆ ಬೆಳಗೇ ಆಗೋದಿಲ್ಲ ಅನ್ನೋ ಅಜ್ಜಿ ಕತೆ ಕೇಳಿದ್ದೇವಲ್ಲ, ಅಂಥದ್ದೇ ಜನಪದ ಕತೆ. 2024ರಲ್ಲಿ ಕಾನ್ ಉತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಬಂತು, ಆಸ್ಕರ್ ಸ್ಪರ್ಧೆಗೂ ಅರ್ಹವಾಯಿತು. ನಾಮಿನೇಷನ್‌ವರೆಗೆ ಹೋಗಲಿಲ್ಲ. ನನ್ನ ಬಲಗಡೆ ಕಾಲಂನಲ್ಲಿ ಮಾತ್ರ ಅದು ಆ ವರ್ಷ ಪೂರ್ತಿ ಇತ್ತು.

ಪ್ರಶ್ನೆ: ನಮ್ಮಲ್ಲಿ ಎಷ್ಟೊತ್ತಿಗೆ ನೋಡಬೇಕು?
– ಗೃಹಿಣಿ, ಬೆಟಗೇರಿ

ಉತ್ತರ: ಅಲ್ಲಿ ಭಾನುವಾರ ಸಂಜೆ ಆದರೆ ನಮಗೆ ಸೋಮವಾರ ಬೆಳಗಿನ ಜಾವ. 2025ರಲ್ಲಿ 5:30ಕ್ಕೆ ಶುರುವಾಗಿತ್ತು. ಉತ್ತಮ ಚಿತ್ರ ಕೊನೆಗೆ ಬರುತ್ತದೆ. ಅಷ್ಟರಲ್ಲಿ ಮಕ್ಕಳ ಡಬ್ಬಿ ಕಟ್ಟಿ ಕಳಿಸಬಹುದು.

ಪ್ರಶ್ನೆ: ನಾನೂ ನಮ್ಮ ಯಜಮಾನರೂ ಒಂದು ಕೆಜಿ ಪೇಡೆಯ ಬಾಜಿ ಕಟ್ಟಿದ್ದೇವೆ. ಅವರು ಒಂದೂ ಸಿನಿಮಾ ನೋಡದೆ ಇಂಟರ್‌ನೆಟ್‌ನಿಂದ ಯಾರದೋ ಪಟ್ಟಿ ಇಳಿಸಿಕೊಂಡಿದ್ದಾರೆ. ಇದು ನ್ಯಾಯವೇ?
– ಓದುಗರು, ಸಪ್ತಾಪುರ, ಧಾರವಾಡ

ಉತ್ತರ: ಎಡಗಡೆಗೆ ನ್ಯಾಯವೇ ಅಕ್ಕಾವ್ರೆ. ಅಕಾಡೆಮಿಯವರಿಗೇ ‘ಒಂದು ವಿಭಾಗದ ಎಲ್ಲವನ್ನೂ ನೋಡಿದರೆ ಮಾತ್ರ ಅದರ ಕೊನೆಯ ಮತ’ ಅನ್ನೋ ನಿಯಮ ಬಂದದ್ದು 2025ರಲ್ಲಿ. ನಿಮ್ಮ ಯಜಮಾನರನ್ನು ಮಾತ್ರ ಯಾಕೆ ಬೈಯೋದು?

ಆದರೆ ಬಲಗಡೆ ಕಾಲಂ ಅವರೇ ತುಂಬಬೇಕು, ಪ್ರತಿ ಹೆಸರಿಗೂ ಒಂದು ಸಾಲಿನ ಕಾರಣ ಸಮೇತ. ಹಿಂದಿನ ರಾತ್ರಿಯೇ ಇಬ್ಬರ ಹಾಳೆಗೂ ಸಹಿ ಹಾಕಿ ಫ್ರಿಜ್ ಮೇಲೆ ಅಂಟಿಸಿ. ಬಲಗಡೆ ಖಾಲಿ ಬಿಟ್ಟವರು, ಗೆದ್ದರೂ ಸರಿ ಸೋತರೂ ಸರಿ, ಲೈನ್ ಬಜಾರ್‌ನಲ್ಲಿ ಪೇಡೆಯ ಸಾಲಿಗೆ ತಾವೇ ಹೋಗಿ ನಿಲ್ಲಬೇಕು.