ಸ್ಕೆಚ್ ಕಾಮಿಡಿಯೊಳಗ ಅದೇ ಪಾತ್ರ ಪದೇ ಪದೇ ಬಂದ್ರೂ ಯಾಕ ನಗು ಬರ್ತದ?

ಹಳೇ ಅಮೆರಿಕನ್ ಟೀವಿ ಶೋದಾಗ ಒಂದೇ ಪಾತ್ರ ವರ್ಷಗಟ್ಟಲೆ ಬರ್ತಿತ್ತು, ಜನಕ್ಕ ಬ್ಯಾಸರ ಆಗ್ತಿದ್ದಿಲ್ಲೇನು ಅಂತ ಕೇಳೀರಿ. ಆಗ್ತಿದ್ದಿಲ್ರಿ. ಸ್ಕೆಚ್ ಅಂದ್ರ ಐದ್ಹತ್ತು ನಿಮಿಷದ ಆಟ, ಅಷ್ಟರಾಗ ಪಾತ್ರದ ಪರಿಚಯ ಮಾಡ್ಕೊಂತ ಕುಂತ್ರ ನಗಸೂದು ಯಾವಾಗ, ಅದಕ್ಕ ಮೊದಲ ಗೊತ್ತಿರೋ ಪಾತ್ರ ಬಾಗಿಲದಾಗ ಕಾಲಿಟ್ಟ ಕೂಡ್ಲೇ ನಗು ಶುರು ಆಗ್ತದ.

ಕ್ಯಾರೊಲ್ ಬರ್ನೆಟ್ ಶೋ ತಗೋರಿ, 1967ರಿಂದ 1978ರ ತನಕ ಸಿಬಿಎಸ್ ಚಾನೆಲ್‌ನ್ಯಾಗ ಬಂತು. ಅದರಾಗ ಮಿಸೆಸ್ ವಿಗ್ಗಿನ್ಸ್ ಅನ್ನೋ ಸೆಕ್ರೆಟರಿ ಪಾತ್ರ ಸ್ವತಃ ಕ್ಯಾರೊಲ್ ಅವರ ಮಾಡ್ತಿದ್ರು, ಅಕಿ ಬಾಸ್ ಮಿಸ್ಟರ್ ಟಡ್ಬಾಲ್ ಆಗಿ ಟಿಮ್ ಕಾನ್ವೇ. ಅಕಿ ಸ್ಕರ್ಟ್ ಹಿಂದ ಸಡಲ ಇತ್ತು, ಡಿಸೈನರ್ ಬಾಬ್ ಮ್ಯಾಕಿ ಅದನ್ನ ಬಿಗಿ ಮಾಡೂ ಬದ್ಲಿ ಹಿಂಭಾಗ ಚಾಚಿ ನಡೀರಿ ಅಂದ್ರು, ಆ ನಡಿಗಿನ ಪಾತ್ರದ ಗುರುತಾತು! ನನಗಂತೂ ಇದು ಭಾಳ ಸೇರ್ತದ, ಯಾಕಂದ್ರ ಜನ ನೆನಪಿಡೂದು ಡೈಲಾಗ್‌ಗಿಂತ ಮೈಯಾಗಿನ ರೂಢಿ. ಆದ್ರ ಪಾತ್ರಕ್ಕ ಪ್ರತಿಸಲ ಹೊಸ ಇಕ್ಕಟ್ಟು ಬೇಕ ಬೇಕು, ಇಲ್ಲಾಂದ್ರ ಮೂರನೇ ಸಲಕ್ಕ ಸಪ್ಪಗ.

ನಮ್ಮ ಬಾಗಲಕೋಟಿ ಕಡೆ ಶ್ರೀಕೃಷ್ಣ ಪಾರಿಜಾತ ಅನ್ನೋ ಜಾನಪದ ಆಟ ನೋಡಿದವ್ರಿಗೆ ಇದನ್ನ ಬಿಡಿಸಿ ಹೇಳೂದ ಬ್ಯಾಡ. ಕಥಿ ನಡಸೂ ಭಾಗವತ, ಸುದ್ದಿ ಒಯ್ಯೂ ದೂತಿ ಇಬ್ರೂ ಪ್ರತಿ ಆಟದಾಗ ಇರ್ತಾರ, ಕಥಿ ಎಲ್ಲಾರ್ಗೂ ಬಾಯಿಪಾಠ, ಆದ್ರೂ ಅವರಿಬ್ರ ಮಾತಿನ ಜಟಾಪಟಿ ಆ ಊರಿಗೆ ತಕ್ಕಂಗ ಅಲ್ಲೇ ನಿಂತಲ್ಲೇ ಹುಟ್ತದ. ಸಣ್ಣಾಂವಿದ್ದಾಗ ಜಾತ್ರ್ಯಾಗ ನಿದ್ದಿಗೆಟ್ಟು ಕುಂತಿದ್ದು ಕೃಷ್ಣನ ಸಲುವಾಗಿ ಅಲ್ರಿ, ದೂತಿ ಯಾವಾಗ ಬರ್ತಾಳ ಅಂತ.