ಪ್ರೋಬಯಾಟಿಕ್ ಮೊಸರಿನಿಂದ ಹೆಪ್ಪು: ಎಷ್ಟು ದಿನ ಮುಂದುವರಿಸಬಹುದು?

ಅಕ್ಕಾ, ಅಂಗಡಿಯ ಪ್ರೋಬಯಾಟಿಕ್ (ಕರುಳಿಗೆ ಒಳ್ಳೆಯದೆಂದು ಬೇರೆಯಾಗಿ ಸೇರಿಸಿದ ಬ್ಯಾಕ್ಟೀರಿಯಾ ಇರುವ) ಮೊಸರಿನಿಂದ ಒಮ್ಮೆ ಹೆಪ್ಪು ಹಾಕಿ, ಎರಡು ತಿಂಗಳಿಂದ ಅದನ್ನೇ ಮುಂದುವರಿಸುತ್ತಿದ್ದೇನೆ, ಆ ಬ್ಯಾಕ್ಟೀರಿಯಾ ಈಗಲೂ ಇರುತ್ತವಾ ಎಂದು ಕೇಳಿದ್ದೀರಿ. ಬಹುತೇಕ ಇರುವುದಿಲ್ಲ. ಮೊಸರು ಚೆನ್ನಾಗಿಯೇ ಇರುತ್ತದೆ. ಆದರೆ ಅಂಗಡಿ ಮೊಸರಿನ ಕಪ್ಪಿನ (ಡಬ್ಬಿಯ) ಮೇಲೆ ಹೆಸರು ಹಾಕಿದ್ದ ಬ್ಯಾಕ್ಟೀರಿಯಾ ತಳಿ ಅದರಲ್ಲಿ ಉಳಿದಿರುವುದು ಕಷ್ಟ.

ಒಂದು ಲೆಕ್ಕ ಹಾಕೋಣ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನಿಯಮದ ಪ್ರಕಾರ ದಿನಕ್ಕೆ ತಿನ್ನುವ ಅಳತೆಯಲ್ಲಿ ಕನಿಷ್ಠ 10 ಕೋಟಿ ಜೀವಂತ ಪ್ರೋಬಯಾಟಿಕ್ ಬ್ಯಾಕ್ಟೀರಿಯಾ ಇರಬೇಕು. 100 ಗ್ರಾಂ ಕಪ್ಪಿನಲ್ಲಿ ಅಷ್ಟಿದೆ ಎಂದುಕೊಳ್ಳಿ. ಅದರಿಂದ 10 ಗ್ರಾಂ ತೆಗೆದು ಒಂದು ಲೀಟರ್ ಹಾಲಿಗೆ ಹಾಕಿದರೆ, ನಿಮ್ಮ 100 ಗ್ರಾಂ ಮೊಸರಿಗೆ ಬರುವುದು ಸುಮಾರು 10 ಲಕ್ಷ. ಎರಡನೇ ಸಲಕ್ಕೆ 10 ಸಾವಿರ. ಮೂರನೇ ಸಲಕ್ಕೆ ಬರೀ 100. ಅವು ಹಾಲಿನಲ್ಲಿ ಬೆಳೆಯದೇ ಇದ್ದರೆ ಈ ಲೆಕ್ಕ. ಸ್ವಲ್ಪ ಬೆಳೆಯುತ್ತವೆ ನಿಜ, ಆದರೆ ಬಿಫಿಡೋಬ್ಯಾಕ್ಟೀರಿಯಂ (ಬಿಫಿಡೋ) ಥರದ ಪ್ರೋಬಯಾಟಿಕ್‌ಗಳು ಹಾಲಿನಲ್ಲಿ ತುಂಬಾ ನಿಧಾನ. ಮೊಸರು ಕಟ್ಟುವ ಬ್ಯಾಕ್ಟೀರಿಯಾ ಐದಾರು ಗಂಟೆಯಲ್ಲಿ ಪಾತ್ರೆಯನ್ನೆಲ್ಲ ಆಕ್ರಮಿಸಿಬಿಡುತ್ತವೆ. ಪ್ರೋಬಯಾಟಿಕ್‌ಗಳು ಹಿಂದೆ ಬೀಳುತ್ತವೆ.

ಅದಕ್ಕೇ ಪ್ರೋಬಯಾಟಿಕ್ ಬೇಕೇ ಬೇಕು ಅನ್ನುವವರು ಸಾಧ್ಯವಾದಷ್ಟೂ ಹೊಸ ಕಪ್ಪಿನಿಂದಲೇ ಹೆಪ್ಪು ಹಾಕಬೇಕು. ಒಂದು ಚಮಚದ ಬದಲು ಎರಡು ಮೂರು ಚಮಚ ಹಾಕಿ. ತಯಾರಾದ ದಿನಾಂಕ ನೋಡಿ, ಹೊಸದನ್ನೇ ಆರಿಸಿ. ಆ ಮೊಸರಿನಿಂದ ಮತ್ತೆ ಒಂದು ಸಲ ಹೆಪ್ಪು ಹಾಕಿದರೆ ಅಡ್ಡಿಯಿಲ್ಲ, ಅದಕ್ಕಿಂತ ಜಾಸ್ತಿ ಬೇಡ.

ಇನ್ನು ನಿಮ್ಮ ಮೊಸರು ಮೂರನೇ ದಿನಕ್ಕೇ ಹುಳಿ ಬರುತ್ತದೆ ಅಂದಿರಲ್ಲ, ಪ್ರೋಬಯಾಟಿಕ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದರಲ್ಲಿ ಆ ಹುಳಿಯದು ದೊಡ್ಡ ಪಾಲು. ಅಂಗಡಿ ಮೊಸರಿನಲ್ಲಿ ಸಾಮಾನ್ಯವಾಗಿ ಇರುವ ಬಲ್ಗಾರಿಕಸ್ ಬ್ಯಾಕ್ಟೀರಿಯಾ ಫ್ರಿಜ್ಜಿನಲ್ಲೂ ಮೆಲ್ಲಗೆ ಆಮ್ಲ ಮಾಡುತ್ತಲೇ ಇರುತ್ತದೆ. ಗಟ್ಟಿಯಾಗುವಾಗ 4.6ರ ಸುಮಾರಿಗಿರುವ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) ಇನ್ನೂ ಇಳಿಯುತ್ತದೆ. ಬಿಫಿಡೋಗೆ ಅಷ್ಟು ಹುಳಿ ತಡೆಯುವುದಿಲ್ಲ. ಆಸಿಡೋಫಿಲಸ್ ಎಂಬ ಇನ್ನೊಂದು ಪ್ರೋಬಯಾಟಿಕ್ ಇನ್ನೊಂದಿಷ್ಟು ತಡೆದುಕೊಳ್ಳುತ್ತದೆ. ಹಾಗಾಗಿ ಹಾಲನ್ನು ಚೆನ್ನಾಗಿ ಕಾಯಿಸಿ, ಉಗುರು ಬೆಚ್ಚಗಾಗುವವರೆಗೆ, ಅಂದರೆ 37ರಿಂದ 40 ಡಿಗ್ರಿಗೆ ಆರಿಸಿ ಹೆಪ್ಪು ಹಾಕಿ. ಬೇಸಿಗೆಯಲ್ಲಿ ರಾತ್ರಿಯಿಡೀ ಹೊರಗೆ ಬಿಡಬೇಡಿ. ಗಟ್ಟಿಯಾದ ತಕ್ಷಣ ಫ್ರಿಜ್ಜಿಗೆ ಇಡಿ. ಬಾಗಿಲಿನ ಕಡೆ ಬೇಡ, ಒಳಗೆ ತಣ್ಣಗಿರುವ ಕಡೆ ಇಡಿ. ಎರಡು ಮೂರು ದಿನದಲ್ಲಿ ಮುಗಿಯುವಷ್ಟೇ ಮಾಡಿ.

ಗಾಳಿಯೂ ಬಿಫಿಡೋಗೆ ಆಗದು. ಪಾತ್ರೆ ತುಂಬುವಂತೆ ಹಾಕಿ ಮುಚ್ಚಿಡಿ, ತಿನ್ನುವ ಮೊದಲು ಸುಮ್ನೆ ಕಲಕುತ್ತಾ ಇರಬೇಡಿ. ಮಜ್ಜಿಗೆ ಮಾಡುವುದಾದರೆ ಕಡೆದ ಕೂಡಲೇ ಕುಡಿಯುವುದು ಒಳ್ಳೆಯದು.

ಇಲ್ಲೊಬ್ಬರು ಖಾಲಿ ಹೊಟ್ಟೆಯಲ್ಲೇ ತಿನ್ನಬೇಕು ಅಂದಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಖಾಲಿ ಹೊಟ್ಟೆಯಲ್ಲಿ ಆಮ್ಲ ತುಂಬಾ ಚುರುಕು. ಊಟ ಇದ್ದಾಗ ಆಮ್ಲದ ಚುರುಕು ಕಡಿಮೆಯಾಗುತ್ತದೆ, ಬ್ಯಾಕ್ಟೀರಿಯಾ ಕರುಳು ತಲುಪುವ ಸಾಧ್ಯತೆ ಹೆಚ್ಚು. ಊಟದ ಕೊನೆಗೆ ಮೊಸರನ್ನ ತಿನ್ನುವುದು ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಅನ್ನ ಮಾತ್ರ ಆರಿರಲಿ, ಒಗ್ಗರಣೆಯೂ ಆರಿದ ಮೇಲೆ ಬೀಳಲಿ. ಹಬೆಯಾಡುವ ಅನ್ನಕ್ಕೆ ಮೊಸರು ಸುರಿದರೆ ಬಹಳಷ್ಟು ಸಾಯುತ್ತವೆ. ಮಜ್ಜಿಗೆ ಹುಳಿಯಲ್ಲಿ ಕುದಿಸಿದರಂತೂ ಒಂದೂ ಉಳಿಯದು, ಅದಕ್ಕೆ ಹುಳಿಯಾದ ಹಳೇ ಮೊಸರನ್ನೇ ಬಳಸಿ.

ಹಾಗಂತ ಮನೆಯ ಹಳೇ ಹೆಪ್ಪನ್ನು ಚೆಲ್ಲಬೇಡಿ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವ ಎಷ್ಟೋ ಜನಕ್ಕೆ ಮೊಸರು ಒಗ್ಗುತ್ತದೆ ಅಲ್ವಾ, ಹಾಲಿನ ಸಕ್ಕರೆಯನ್ನು ಒಡೆಯುವ ಆ ಕೆಲಸ ಮೊಸರಿನ ಸಾಮಾನ್ಯ ಬ್ಯಾಕ್ಟೀರಿಯಾಗಳದ್ದು. ಅದಕ್ಕೆ ಪ್ರೋಬಯಾಟಿಕ್ ಕಪ್ಪು ಬೇಕಿಲ್ಲ. ದಿನದ ಊಟಕ್ಕೆ ಮನೆ ಹೆಪ್ಪಿನ ಮೊಸರು ಇರಲಿ. ಡಾಕ್ಟರ್ ಯಾವುದಾದರೂ ತಳಿಯ ಹೆಸರು ಹೇಳಿದ್ದರೆ ಅದನ್ನು ಮಾತ್ರ ಬೇರೆ ಚಿಕ್ಕ ಡಬ್ಬಿಯಲ್ಲಿ, ಬೇರೆ ಚಮಚ ಬಳಸಿ ಮಾಡಿಕೊಳ್ಳಿ.