ಗೆದ್ದವರನ್ನು ತಡೆಯುವವರು

ಹಾವೇರಿ ಜಿಲ್ಲೆಯ ನಿವೃತ್ತ ಶಿಕ್ಷಕರೊಬ್ಬರ ಪತ್ರ: ‘ಅಮೆರಿಕದ ಅಧ್ಯಕ್ಷರನ್ನು ಕೋಟಿಗಟ್ಟಲೆ ಜನ ಮತ ಹಾಕಿ ಆರಿಸುತ್ತಾರೆ. ಯಾರೂ ಆರಿಸದ ನ್ಯಾಯಾಧೀಶರೊಬ್ಬರು ನಾಲ್ಕು ಹಾಳೆ ಬರೆದು ಅವರ ಆದೇಶವನ್ನು ತಡೆಯುತ್ತಾರೆ. ಇದೆಂಥ ಪ್ರಜಾಪ್ರಭುತ್ವ? ಗೆದ್ದವರಿಗೆ ಕೆಲಸ ಮಾಡಲು ಬಿಡಬೇಡವೇ? ಮೂವತ್ತು ವರ್ಷ ಪೌರನೀತಿ ಕಲಿಸಿದ ನನಗೇ ಇದು ಅರ್ಥವಾಗಿಲ್ಲ.’

ಸಂಪಾದಕರ ಉತ್ತರ: ಮೇಷ್ಟರೇ, ಮುತ್ತು ಪೋಣಿಸಿದಂಥ ಅಕ್ಷರದ ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ಸಿಟ್ಟಿಗೆ ಕಾರಣವಿದೆ. ಕಪ್ಪು ಜನರು ಅಮೆರಿಕದ ಪ್ರಜೆಗಳಾಗಲಾರರು ಎಂದು 1857ರಲ್ಲಿ ಡ್ರೆಡ್ ಸ್ಕಾಟ್ ಪ್ರಕರಣದಲ್ಲಿ ತೀರ್ಪಿತ್ತವರೂ ಯಾರೂ ಆರಿಸದ ನ್ಯಾಯಮೂರ್ತಿಗಳೇ. ಆರು ಲಕ್ಷ ಜನರೂ ಇಲ್ಲದ ವಯೋಮಿಂಗ್‌ಗೂ ನಾಲ್ಕು ಕೋಟಿಯ ಆಸುಪಾಸಿನ ಕ್ಯಾಲಿಫೋರ್ನಿಯಾ ರಾಜ್ಯಕ್ಕೂ ಅಲ್ಲಿನ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ತಲಾ ಎರಡೇ ಸ್ಥಾನ. ಅಷ್ಟನ್ನು ಒಪ್ಪುತ್ತೇನೆ.

ಆದರೆ ಗೆದ್ದವರನ್ನು ಅವರ ಪಾಡಿಗೆ ಬಿಡಬೇಕೆಂಬ ಮಾತನ್ನು ಒಪ್ಪಲಾರೆ. ಅಮೆರಿಕದ ಸಂವಿಧಾನದ ಬುನಾದಿಯೇ ಅಧಿಕಾರ ಹಿಡಿದವರ ಮೇಲಿನ ಸಂಶಯ. 1787ರ ಬೇಸಿಗೆಯಲ್ಲಿ ಅದನ್ನು ರಚಿಸಲು ಫಿಲಡೆಲ್ಫಿಯಾದಲ್ಲಿ ಕೂಡಿದ 55 ಮಂದಿ ಬ್ರಿಟನ್ನಿನ ದೊರೆಯನ್ನು ಮರೆತಿರಲಿಲ್ಲ. ಕಾಂಗ್ರೆಸ್ (ಅಲ್ಲಿನ ಸಂಸತ್ತು), ಅಧ್ಯಕ್ಷ, ನ್ಯಾಯಾಲಯ, ಮೂರಕ್ಕೂ ಅಧಿಕಾರ ಹಂಚಿ, ಒಬ್ಬರ ಜುಟ್ಟು ಇನ್ನೊಬ್ಬರ ಕೈಯಲ್ಲಿರುವಂತೆ ನೋಡಿಕೊಂಡರು. ಅದೂ ಸಾಲದೆಂದು ವರ್ಜೀನಿಯಾದ ಜಾರ್ಜ್ ಮೇಸನ್ ಸಹಿ ಹಾಕಲು ನಿರಾಕರಿಸಿದರು. ಪ್ರಜೆಗಳ ಹಕ್ಕುಗಳ ಪಟ್ಟಿ ಎಲ್ಲಿದೆ ಎಂಬುದು ಅವರ ದೊಡ್ಡ ತಕರಾರು. ಆ ಹಟದಿಂದ ನೆರೆಯವರಾಗಿದ್ದ ಜಾರ್ಜ್ ವಾಷಿಂಗ್ಟನ್ ಅವರೊಡನೆ ಇದ್ದ ಹಳೆಯ ಸ್ನೇಹವೂ ಕೆಟ್ಟಿತು. ಅಂಥ ಪಟ್ಟಿ ಅನಗತ್ಯವಷ್ಟೇ ಅಲ್ಲ, ಅಪಾಯಕಾರಿ ಎಂದು ಆ ಸಭೆಯಲ್ಲಿದ್ದ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಬರೆದರು. ಮೊದಲು ಮೂಗು ಮುರಿದಿದ್ದ ಇನ್ನೊಬ್ಬ ಸದಸ್ಯ ಜೇಮ್ಸ್ ಮ್ಯಾಡಿಸನ್ನರೇ ಕೊನೆಗೆ 1789ರಲ್ಲಿ ಅದನ್ನು ಕಾಂಗ್ರೆಸ್ಸಿನ ಮುಂದಿಟ್ಟರು. 1791ರಲ್ಲಿ ಆ ಪಟ್ಟಿ ಸಂವಿಧಾನದ ಮೊದಲ ಹತ್ತು ತಿದ್ದುಪಡಿಗಳಾಗಿ ಜಾರಿಗೆ ಬಂತು. ಮೇಸನ್ ಗುಲಾಮರನ್ನು ಇಟ್ಟುಕೊಂಡಿದ್ದವರು, ಅದನ್ನು ಮರೆತು ಹೇಳುತ್ತಿಲ್ಲ. ಆದರೂ ಸಹಿ ಹಾಕಿದ 39 ಮಂದಿಗಿಂತ ಹಾಕದ ಈ ಮನುಷ್ಯನ ಮೇಲೆ ನನಗೆ ಪ್ರೀತಿ ಹೆಚ್ಚು.

1952ಕ್ಕೆ ಬನ್ನಿ. ಕೊರಿಯಾ ಯುದ್ಧ ನಡೆಯುತ್ತಿತ್ತು, ಉಕ್ಕಿನ ಕಾರ್ಮಿಕರು ಮುಷ್ಕರಕ್ಕೆ ಸಜ್ಜಾಗಿದ್ದರು. ಸೈನಿಕರಿಗೆ ಆಯುಧ ನಿಂತೀತೆಂದು ಅಧ್ಯಕ್ಷ ಟ್ರೂಮನ್ ಕಾರ್ಖಾನೆಗಳನ್ನೇ ವಶಪಡಿಸಿಕೊಂಡರು. ಉದ್ದೇಶ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಅವರ ಅಥವಾ ಅವರದೇ ಪಕ್ಷದ ರೂಸ್‌ವೆಲ್ಟರ ನೇಮಕ. ಆದರೂ ಆರು ಮಂದಿ, ಕಾಂಗ್ರೆಸ್ ಕೊಡದ ಅಧಿಕಾರ ನಿಮಗಿಲ್ಲ ಎಂದರು. ಟ್ರೂಮನ್ ಕಾರ್ಖಾನೆಗಳನ್ನು ಹಿಂದಿರುಗಿಸಿದರು. ಸೈನ್ಯ ಅವರ ಕೈಯಲ್ಲಿತ್ತು, ಕೋರ್ಟಿನ ಕೈಯಲ್ಲಿದ್ದುದು ಕಾಗದ ಮಾತ್ರ. ಈ ಪ್ರಸಂಗವನ್ನು ಎಷ್ಟು ಸಲ ಓದಿದರೂ ನನ್ನ ಮೈ ಜುಮ್ಮೆನ್ನುತ್ತದೆ.

ಆ ಆರು ಮಂದಿಯಲ್ಲಿ ಒಬ್ಬರಾದ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಐದು ವರ್ಷ ಮೊದಲು ನಿಮ್ಮಂತೆಯೇ ವಾದಿಸಿದ್ದರು. ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ ನಮ್ಮ ಸಂವಿಧಾನ ಸಭೆಯ ಸಲಹೆಗಾರರಾಗಿ 1947ರಲ್ಲಿ ಅಮೆರಿಕಕ್ಕೆ ಹೋದಾಗ, ಅಲ್ಲಿನ ‘ಡ್ಯೂ ಪ್ರಾಸೆಸ್’ (ನ್ಯಾಯಯುತ ವಿಧಾನ) ಎಂಬ ಮಾತನ್ನು ತೆಗೆದುಕೊಳ್ಳಬೇಡಿ, ಆರಿಸಿ ಬಂದವರ ಕಾನೂನನ್ನು ತಳ್ಳಿಹಾಕುವ ಬಲ ಅದರಿಂದ ನ್ಯಾಯಾಧೀಶರಿಗೆ ಸಿಗುತ್ತದೆ ಎಂದು ಅವರನ್ನು ಫ್ರಾಂಕ್‌ಫರ್ಟರ್ ಎಚ್ಚರಿಸಿದರು. ಆ ಮಾತು ಜೀವ ಮತ್ತು ಸ್ವಾತಂತ್ರ್ಯದ ಹಕ್ಕನ್ನು ಕೊಡುವ ನಮ್ಮ 21ನೇ ವಿಧಿಯೊಳಗೆ ಬರಲಿಲ್ಲ. ಫಲವೇನು? ವಿಚಾರಣೆಯಿಲ್ಲದೆ ಬಂಧಿಸುವ ಕಾನೂನನ್ನು 1950ರಲ್ಲಿ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ನಮ್ಮ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದಾಗ, ಶಾಸನದಲ್ಲಿ ಹೇಳಿದ ವಿಧಾನವಿದ್ದರೆ ಸಾಕು, ಅದು ನ್ಯಾಯವೇ ಎಂದು ಕೇಳಬೇಕಿಲ್ಲ ಎಂಬ ಉತ್ತರ ಸಿಕ್ಕಿತು. ವಿಧಾನವೂ ನ್ಯಾಯಸಮ್ಮತವಾಗಿರಬೇಕೆಂದು ಮೇನಕಾ ಗಾಂಧಿ ಪ್ರಕರಣದಲ್ಲಿ ನಮ್ಮ ಕೋರ್ಟು ಹೇಳುವ ಹೊತ್ತಿಗೆ 1978. ನಡುವೆ ತುರ್ತುಪರಿಸ್ಥಿತಿಯೇ ಬಂದು ಹೋಗಿತ್ತು.

ನನಗೆ ಸಂಕಟ ನಿಮ್ಮ ಪ್ರಶ್ನೆಯಿಂದಲ್ಲ, ಮೇಷ್ಟರೇ, ಅದು ಇಷ್ಟು ತಡವಾಗಿ ಬಂತಲ್ಲ ಎಂದು. ನಾವು ಮಕ್ಕಳಿಗೆ ಸಂವಿಧಾನವನ್ನು ಮಗ್ಗಿಯಂತೆ ಕಲಿಸುತ್ತೇವೆ. ನಮ್ಮ ಮನೆಯಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳಿದ್ದಾಳೆ. ಮೂಲಭೂತ ಹಕ್ಕುಗಳನ್ನು ವಿಧಿಯ ಸಂಖ್ಯೆ ಸಮೇತ ತಡವರಿಸದೆ ಒಪ್ಪಿಸಿದಳು. ಈ ಹಕ್ಕುಗಳು ಯಾರಿಂದ ನಿನ್ನನ್ನು ಕಾಪಾಡಲು ಇವೆ ಎಂದು ಕೇಳಿದೆ. ಪುಸ್ತಕ ತಿರುವಿ ಹಾಕಿದಳು, ಆಮೇಲೆ ನನ್ನ ಮುಖ ನೋಡಿದಳು. ಅಂದು ರಾತ್ರಿ ಊಟವಾದ ಮೇಲೆ ಅವಳಿಗೆ ಟ್ರೂಮನ್ನರ ಕಥೆ ಹೇಳಿದೆ. ಮರುದಿನ ಶಾಲೆಗೆ ಹೊರಡುವಾಗ, ಆ ಅಧ್ಯಕ್ಷರು ಕೊಡುವುದಿಲ್ಲ ಎಂದಿದ್ದರೆ ಏನಾಗುತ್ತಿತ್ತು ಎಂದು ಕೇಳಿದಳು.